ಉತ್ತರದ ಹಿಂದೆ ಒಂದು ‘ಯಾಕೆ’ ಇರುವ ಪ್ರಶ್ನೆಗಳು: ನಿಮ್ಮ ಹತ್ತಿರ ಯಾವುದಿವೆ?

ರಸಪ್ರಶ್ನೆ_ಪ್ರಿಯ

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷದಿಂದ ರಸಪ್ರಶ್ನೆ ನಡೆಸುತ್ತಾ ಬಂದಿದ್ದೇನೆ. ಹೆಚ್ಚಾಗಿ ಮಕ್ಕಳಿಗೆ, ಒಮ್ಮೊಮ್ಮೆ ದೊಡ್ಡವರಿಗೆ. ಈಗ ನನ್ನ ಪ್ರಶ್ನೆಗಳ ನೋಟ್‌ಬುಕ್ಕನ್ನು ಪೂರ್ತಿ ಹೊಸದಾಗಿ ಬರೆಯಲು ಕೂತಿದ್ದೇನೆ. ಅದಕ್ಕೆ ಕಾರಣ ಇದೆ.

ಕೆಲವು ತಿಂಗಳ ಹಿಂದೆ ಒಂದು ಸುತ್ತಿನಲ್ಲಿ ‘ಟ್ವಿಂಕಲ್ ಟ್ವಿಂಕಲ್’ ಪದ್ಯದ ಧಾಟಿ ಯಾರದ್ದು ಅಂತ ಕೇಳಿದೆ. ನನ್ನ ಕಾರ್ಡಿನಲ್ಲಿ ‘ಮೊಜಾರ್ಟ್’ ಅಂತ ಇತ್ತು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ‘ಅದು ಹಳೆಯ ಫ್ರೆಂಚ್ ಹಾಡಿನ ಧಾಟಿ ಸರ್, ಮೊಜಾರ್ಟ್‌ದಲ್ಲ’ ಅಂದಳು. ನಾನು ‘ತಪ್ಪು’ ಅಂದೆ. ಆ ಒಂದು ಪ್ರಶ್ನೆಯಿಂದಲೇ ಅವಳ ತಂಡ ಸೋತಿತು.

ರಾತ್ರಿ ಮನಸ್ಸು ತಡೆಯದೆ ಹುಡುಕಿದೆ. ಅವಳು ಹೇಳಿದ್ದೇ ಸರಿ. ಆ ಧಾಟಿ ಫ್ರಾನ್ಸಿನಲ್ಲಿ 1761ರಲ್ಲೇ ಅಚ್ಚಾಗಿತ್ತು. ಆಗ ಮೊಜಾರ್ಟ್‌ಗೆ ಐದು ವರ್ಷ. ಅವನು ಬೆಳೆದು ದೊಡ್ಡವನಾದ ಮೇಲೆ ಅದನ್ನು ತೆಗೆದುಕೊಂಡು ಪಿಯಾನೋಗೆ 12 ವೇರಿಯೇಷನ್, ಅಂದರೆ ಅದೇ ಧಾಟಿಯ ಬೇರೆ ಬೇರೆ ರೂಪ, ಬರೆದ. ಇಂಗ್ಲಿಷ್ ಪದ್ಯ ಜೇನ್ ಟೇಲರ್ ಅವರದ್ದು, 1806ರದ್ದು. ಎರಡೂ ಜೊತೆಯಾಗಿದ್ದು ಅದಕ್ಕೂ ಆಮೇಲೆ. ಎ, ಬಿ, ಸಿ, ಡಿ ಹೇಳಿಕೊಡುವ ಹಾಡೂ ಇದೇ ಧಾಟಿಯಲ್ಲಿದೆ. ಒಮ್ಮೆ ಗುನುಗಿ ನೋಡಿ.

ಆ ಹುಡುಗಿಗೆ ಉತ್ತರ ಮಾತ್ರ ಅಲ್ಲ, ಅದರ ಹಿಂದಿನ ಕತೆಯೂ ಗೊತ್ತಿತ್ತು. ನನಗೆ ಬರೀ ಒಂದು ಹೆಸರು ಗೊತ್ತಿತ್ತು. ಅದಕ್ಕೇ ಕೇಳುತ್ತಿದ್ದೇನೆ. ದಿನಬಳಕೆಯ ವಸ್ತು, ಇತಿಹಾಸ, ಸಂಗೀತ, ಯಾವುದಾದರೂ ಆಗಲಿ. ಉತ್ತರದ ಜೊತೆಗೆ ‘ಯಾಕೆ ಹಾಗೆ’ ಅನ್ನುವುದೂ ಇರುವ ಪ್ರಶ್ನೆ ಕೊಡಿ. ನೀವೇ ಪರೀಕ್ಷಿಸಿ ನೋಡಿದ್ದನ್ನು ಮಾತ್ರ ಕೊಡಿ, ದಯವಿಟ್ಟು.

ಸ್ವರಸಂಗಾತಿ

ಸರ್, ಇಂಥ ಚರ್ಚೆಗೆ ಕಾಯುತ್ತಿದ್ದೆ. ನಾನು ಪಿಯಾನೋ ಹೇಳಿಕೊಡುತ್ತೇನೆ. ನನ್ನ ಕಡೆಯಿಂದ ಒಂದು: ಪಾಶ್ಚಾತ್ಯ ಸಂಗೀತದ ಸ್ವರಗಳಿಗೆ ‘ಡೋ ರೇ ಮಿ’ ಅನ್ನುವ ಹೆಸರುಗಳು ಎಲ್ಲಿಂದ ಬಂದವು?

ಹನ್ನೊಂದನೇ ಶತಮಾನದಲ್ಲಿ ಇಟಲಿಯಲ್ಲಿ ಗ್ವೀಡೋ ಅನ್ನುವ ಸನ್ಯಾಸಿ ಇದ್ದರು. ಅರೆಟ್ಸೋದ ಗ್ವೀಡೋ ಅಂತಲೇ ಹೆಸರುವಾಸಿ. ಆಗ ಹುಡುಗರು ಹೊಸ ಹಾಡನ್ನು ಯಾರಾದರೂ ಹಾಡಿ ತೋರಿಸಿದರೆ ಮಾತ್ರ ಕಲಿಯಬಹುದಿತ್ತು. ಬರೆದದ್ದನ್ನು ನೋಡಿ ಹಾಡುವ ದಾರಿ ಬೇಕು ಅಂತ ಗ್ವೀಡೋ ಯೋಚಿಸಿದರು. ಅವರ ಕೈಯಲ್ಲಿ ಸಂತ ಜಾನ್ ಮೇಲಿನ ಒಂದು ಲ್ಯಾಟಿನ್ ಸ್ತೋತ್ರ ಇತ್ತು. ಅದರ ಒಂದೊಂದು ತುಂಡೂ ಹಿಂದಿನ ತುಂಡಿಗಿಂತ ಒಂದು ಸ್ವರ ಮೇಲಿನಿಂದ ಶುರುವಾಗುತ್ತದೆ. ಆ ಆರು ತುಂಡುಗಳ ಮೊದಲ ಅಕ್ಷರಗಳೇ ಉತ್, ರೇ, ಮಿ, ಫಾ, ಸೋಲ್, ಲಾ. ಹುಡುಗರಿಗೆ ಸ್ತೋತ್ರ ಬಂದರೆ ಸಾಕು, ಆರು ಸ್ವರದ ಜಾಗ ನೆನಪಿನಲ್ಲಿ ಉಳಿಯುತ್ತದೆ. ಎಷ್ಟು ಸರಳ ಉಪಾಯ ಅಲ್ವಾ?

ಏಳನೆಯದಾದ ‘ಸಿ’ ಆಮೇಲೆ ಸೇರಿತು. ಸಂತ ಜಾನ್ ಹೆಸರಿನ ಲ್ಯಾಟಿನ್ ರೂಪದ (ಸಾಂಕ್ಟೆ ಇಯೊಹಾನ್ನೆಸ್) ಎರಡು ಮೊದಲಕ್ಷರ ಕೂಡಿಸಿದರೆ ‘ಸಿ’. ‘ಉತ್’ ಹೋಗಿ ‘ಡೋ’ ಆಗಿದ್ದಕ್ಕೆ ಕಾರಣ ನೀವೇ ಹಾಡಿ ಕಂಡುಕೊಳ್ಳಬಹುದು. ‘ಉತ್’ ಅಂತ ಎಳೆಯಿರಿ. ‘ತ್’ ಬಂದ ಕೂಡಲೇ ನಾಲಿಗೆ ಹಲ್ಲಿಗೆ ತಾಗಿ ದನಿ ಕಟ್ ಆಗುತ್ತದೆ. ‘ಡೋ’ ಆದರೆ ಉಸಿರು ಇರುವ ತನಕ ಎಳೆಯಬಹುದು. ಹದಿನೇಳನೇ ಶತಮಾನದಲ್ಲಿ ಇಟಲಿಯವರು ಅದನ್ನು ಬದಲಿಸಿಕೊಂಡರು. ಇನ್ನು ‘ಸಿ’ಯನ್ನು ‘ಟಿ’ ಮಾಡಿದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಸಂಗೀತ ಶಿಕ್ಷಕಿ ಸಾರಾ ಗ್ಲೋವರ್. ‘ಸೋಲ್’ ಮತ್ತು ‘ಸಿ’ ಎರಡೂ ಒಂದೇ ಅಕ್ಷರದಿಂದ ಶುರುವಾಗುತ್ತಿದ್ದವು. ಚಿಕ್ಕದಾಗಿ ಒಂದೊಂದೇ ಅಕ್ಷರ ಬರೆಯುವಾಗ ಗೊಂದಲ ಆಗುತ್ತಿತ್ತು.

ಹಳೆ_ಕ್ಯಾಲೆಂಡರ್

ಆಹಾ, ಚೆನ್ನಾಗಿದೆ. ನಾನು ತಿಂಗಳುಗಳ ಕಡೆ ಬರುತ್ತೇನೆ.

ಆಗಸ್ಟ್‌ಗೆ 31 ದಿನ ಯಾಕೆ? ಬಹಳ ಜನ ಹೇಳುವ ಉತ್ತರ ಹೀಗಿದೆ: ಜೂಲಿಯಸ್ ಸೀಸರನ ಜುಲೈಗೆ 31 ಇತ್ತು, ಅಗಸ್ಟಸ್‌ಗೆ ಹೊಟ್ಟೆಕಿಚ್ಚು ಬಂತು, ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡು ತನ್ನ ತಿಂಗಳಿಗೆ ಹಾಕಿಕೊಂಡ. ಇದು ಸುಳ್ಳು. ಹದಿಮೂರನೇ ಶತಮಾನದ ಸಾಕ್ರೋಬೋಸ್ಕೋ ಅನ್ನುವ ವಿದ್ವಾಂಸರ ಬರಹದಿಂದ ಹಬ್ಬಿದ ಕತೆ. ಸೀಸರ್‌ಗಿಂತ ಮುಂಚಿನ ರೋಮನ್ ಕ್ಯಾಲೆಂಡರ್ ಒಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು ಸಿಕ್ಕಿದೆ. ಅದರಲ್ಲಿ ಫೆಬ್ರವರಿಗೆ ಆಗಲೇ 28 ದಿನ. ಹೊಸ ಕ್ಯಾಲೆಂಡರ್ ಮಾಡುವಾಗ ಈ ತಿಂಗಳಿಗೆ 31 ಕೊಟ್ಟಿದ್ದು ಸೀಸರನೇ. ಕ್ರಿಸ್ತಪೂರ್ವ 8ರಲ್ಲಿ ಬದಲಾದದ್ದು ತಿಂಗಳ ಹೆಸರು ಮಾತ್ರ. ಅದಕ್ಕೆ ಮೊದಲು ಅದು ‘ಸೆಕ್ಸ್ಟಿಲಿಸ್’, ಅಂದರೆ ಆರನೆಯದು.

ಒಂಬತ್ತನೇ ತಿಂಗಳಿಗೆ ಸೆಪ್ಟೆಂಬರ್ ಅಂತ ಹೆಸರು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಹಳೆಯ ರೋಮನ್ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು. ಲ್ಯಾಟಿನ್ನಿನ ಸೆಪ್ಟೆಮ್, ಆಕ್ಟೋ, ನೋವೆಮ್, ಡೆಸೆಮ್ ಪಕ್ಕದಲ್ಲಿ ಸಪ್ತ, ಅಷ್ಟ, ನವ, ದಶ ಇಟ್ಟು ಓದಿ. ಸಂಬಂಧ ಕಿವಿಗೇ ಕೇಳಿಸುತ್ತದೆ. ನಾನು ಮೊದಲ ಸಲ ಇದನ್ನು ಜೋಡಿಸಿ ನೋಡಿದ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದೆ.

ರಸಪ್ರಶ್ನೆ_ಪ್ರಿಯ

ಆ ಹೊಟ್ಟೆಕಿಚ್ಚಿನ ಕತೆ ನನ್ನ ನೋಟ್‌ಬುಕ್ಕಿನಲ್ಲಿ ಇದೆ. ಎಷ್ಟೋ ಸಲ ಕೇಳಿದ್ದೇನೆ. ಈಗಲೇ ಹೊಡೆದು ಹಾಕಿದೆ. ಧನ್ಯವಾದ ಸರ್.

ಸೂಜಿದಾರ

ನನ್ನ ಇಷ್ಟದ ಸುತ್ತು ‘ಯಾವುದು ಮೊದಲು?’ ಅನ್ನುವುದು. ಮೂರು ಜೋಡಿ ಕೊಡುತ್ತೇನೆ.

ಗೀರುವ ಬೆಂಕಿಕಡ್ಡಿಯಾ, ಲೈಟರಾ? ಲೈಟರ್. 1823ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಡೊಬೆರೈನರ್ ಮಾಡಿದ್ದು. ಸತು ಮತ್ತು ಆಮ್ಲ ಸೇರಿ ಹೈಡ್ರೋಜನ್ ಹುಟ್ಟುತ್ತದೆ, ಅದು ಪ್ಲಾಟಿನಂಗೆ ತಾಗಿದಾಗ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡಿನ ಔಷಧಿ ವ್ಯಾಪಾರಿ ಜಾನ್ ವಾಕರ್ ಗೀರಿದರೆ ಹೊತ್ತುವ ಕಡ್ಡಿ ಮಾಡಿದ್ದು 1826ರಲ್ಲಿ.

ಫ್ಯಾಕ್ಸಾ, ಟೆಲಿಫೋನಾ? ಫ್ಯಾಕ್ಸ್. ಅಲೆಕ್ಸಾಂಡರ್ ಬೇನ್ 1843ರಲ್ಲೇ ಪೇಟೆಂಟ್ ಪಡೆದಿದ್ದರು. ಬೆಲ್ ಅವರ ಟೆಲಿಫೋನ್ ಪೇಟೆಂಟ್ 1876ರದ್ದು. ಚುಕ್ಕೆ ಚುಕ್ಕೆಯಾಗಿ ‘ಇದೆ, ಇಲ್ಲ’ ಅಂತ ಕಳಿಸಲು ಟೆಲಿಗ್ರಾಫ್ ತಂತಿಯೇ ಸಾಕು. ದನಿಯ ಏರಿಳಿತವನ್ನು ಹಾಗೆಯೇ ಸಾಗಿಸುವುದು ಅದಕ್ಕಿಂತ ಕಷ್ಟದ ಕೆಲಸ.

ತಗಡಿನ ಡಬ್ಬಿಯಾ, ಅದನ್ನು ತೆರೆಯುವ ಓಪನರಾ? ಡಬ್ಬಿಯ ಪೇಟೆಂಟ್ 1810ರದ್ದು. ಓಪನರ್ ಬಂದದ್ದು 1850ರ ದಶಕದಲ್ಲಿ. ಮಧ್ಯೆ 40 ವರ್ಷಕ್ಕೂ ಜಾಸ್ತಿ ಜನ ಏನು ಮಾಡುತ್ತಿದ್ದರು? ಉಳಿ, ಸುತ್ತಿಗೆ! ಮೊದಲ ಡಬ್ಬಿಗಳ ತಗಡು ಅಷ್ಟು ದಪ್ಪ ಇರುತ್ತಿತ್ತು. ತಗಡು ತೆಳ್ಳಗಾದ ಮೇಲೆಯೇ ಕೈಯಲ್ಲಿ ಹಿಡಿದು ಕತ್ತರಿಸುವ ಸಾಧನಕ್ಕೆ ಅರ್ಥ ಬಂತು.

ಹೊಸ_ಓದುಗ

ಇಲ್ಲಿಗೆ ಹೊಸಬ. ನನಗೆ ಗೊತ್ತಿರುವ ಒಂದನ್ನು ಹಾಕಲಾ? ಸಿಡಿಯಲ್ಲಿ 74 ನಿಮಿಷ ಹಿಡಿಯುವುದು ಬೀಥೋವನ್ ಅವರ ಒಂಬತ್ತನೇ ಸಿಂಫನಿ ಪೂರ್ತಿ ಕೂರಲಿ ಅಂತ. ಇದು ನಿಜ ತಾನೇ?

ತಿರುಗುವ_ತಟ್ಟೆ

ಸ್ವಾಗತ. ಒಳ್ಳೆಯ ಕತೆ, ಆದರೆ ಅದನ್ನು ಸತ್ಯ ಅಂತ ಕೇಳಬೇಡಿ. ಸಿಡಿಯನ್ನು ರೂಪಿಸಿದ ತಂಡದಲ್ಲೇ ಇದ್ದ ಫಿಲಿಪ್ಸ್‌ನ ಎಂಜಿನಿಯರ್ ಕೇಸ್ ಇಮ್ಮಿಂಕ್ ಇದನ್ನು ಒಪ್ಪುವುದಿಲ್ಲ. 12 ಸೆಂಟಿಮೀಟರ್ ಅಳತೆ ಗೊತ್ತಾದದ್ದರ ಹಿಂದೆ ಫಿಲಿಪ್ಸ್ ಮತ್ತು ಸೋನಿ, ಎರಡು ಕಂಪನಿಗಳ ವ್ಯಾಪಾರದ ಲೆಕ್ಕಾಚಾರ ಇತ್ತು ಅಂತ ಅವರು ಬರೆದಿದ್ದಾರೆ. ಇನ್ನೊಂದು ಮಾತು. ಆ ಕತೆಯಲ್ಲಿ ಬರುವ 74 ನಿಮಿಷದ ಧ್ವನಿಮುದ್ರಣ 1951ರದ್ದು. ಶುರುವಿನ ದಿನಗಳಲ್ಲಿ ಸಿಡಿಯ ಮೂಲ ಪ್ರತಿ (ಮಾಸ್ಟರ್) ಮಾಡಲು ಬಳಸುತ್ತಿದ್ದ ವಿಡಿಯೋ ಟೇಪ್‌ನಲ್ಲಿ 72 ನಿಮಿಷ ಮಾತ್ರ ಹಿಡಿಯುತ್ತಿತ್ತು. ಅಂದರೆ ಯಾವುದಕ್ಕಾಗಿ ಅಳತೆ ಹೆಚ್ಚಿಸಿದರು ಅನ್ನುತ್ತೇವೋ ಅದೇ ಆಗ ಸಿಡಿಯಲ್ಲಿ ಕೂರುತ್ತಿರಲಿಲ್ಲ.

ಸಿಡಿಯ ಬಗ್ಗೆ ಕೇಳುವುದಾದರೆ ಹೀಗೆ ಕೇಳಿ: ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ, ಯಾಕೆ ಆ ವಿಚಿತ್ರ ಸಂಖ್ಯೆ? ಉತ್ತರ ಅದೇ ವಿಡಿಯೋ ಟೇಪ್. ಟಿವಿ ಚಿತ್ರದ ಒಂದು ಗೆರೆಯಲ್ಲಿ 3 ಅಳತೆ, ಅರ್ಧ ಚಿತ್ರ ಅನ್ನಬಹುದಾದ ಒಂದು ಫೀಲ್ಡ್‌ನಲ್ಲಿ 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿದರೆ 44,100. ಇನ್ನೊಂದು ಟಿವಿ ಪದ್ಧತಿಯಲ್ಲಿ 3, 294, 50. ಅಲ್ಲೂ 44,100. ಎರಡೂ ಕಡೆಯ ಯಂತ್ರಕ್ಕೆ ಹೊಂದುವ ಸಂಖ್ಯೆ.

ಈಗ ನನ್ನ ಪ್ರಾಣದಷ್ಟು ಇಷ್ಟದ ಪ್ರಶ್ನೆ. ‘ಮೊದಲು ದನಿ ದಾಖಲಿಸಿದವರು ಯಾರು?’ ಎಲ್ಲರೂ ಎಡಿಸನ್, 1877 ಅನ್ನುತ್ತಾರೆ. ಪ್ಯಾರಿಸ್‌ನಲ್ಲಿ ಎಡ್ವಾರ್ ಲಿಯೋನ್ ಸ್ಕಾಟ್ ಅನ್ನುವವರಿದ್ದರು. ಅಚ್ಚುಕೂಟದ ಕೆಲಸದವರು. 1857ರಲ್ಲಿ ಅವರು ಒಂದು ಯಂತ್ರಕ್ಕೆ ಪೇಟೆಂಟ್ ಪಡೆದರು. ಮಸಿ ಹಿಡಿಸಿದ ಕಾಗದದ ಮೇಲೆ ಒಂದು ಬಿರುಗೂದಲು ದನಿಯ ಅಲೆಯನ್ನು ಗೀಚುತ್ತದೆ. ಅದನ್ನು ಮತ್ತೆ ಕೇಳಿಸಬೇಕು ಅನ್ನುವುದು ಅವರ ಯೋಚನೆಯಲ್ಲೇ ಇರಲಿಲ್ಲ. ಮಾತನ್ನು ಬರಹದ ಹಾಗೆ ಕಣ್ಣಲ್ಲಿ ಓದಬೇಕು ಅನ್ನುವುದು ಅವರ ಆಸೆ. ಅಚ್ಚಿನ ಕೆಲಸದವರಿಗೆ ಹಾಗೆ ಅನ್ನಿಸಿದ್ದು ಎಷ್ಟು ಸಹಜ ನೋಡಿ.

1860ರಲ್ಲಿ ಅವರು ಗೀಚಿಸಿದ್ದ ಒಂದು ಫ್ರೆಂಚ್ ಜನಪದ ಹಾಡಿನ ತುಣುಕನ್ನು 2008ರಲ್ಲಿ ಕಂಪ್ಯೂಟರ್ ಮೂಲಕ ನುಡಿಸಿದರು. ಕೆಲವೇ ಸೆಕೆಂಡಿನದು. ಹುಡುಗಿಯ ದನಿ ಅಂದುಕೊಂಡರು. ಆಮೇಲೆ ತಪ್ಪು ಗೊತ್ತಾಯಿತು. ವೇಗ ತಿಳಿಯಲಿ ಅಂತ ಸ್ಕಾಟ್ ಪಕ್ಕದಲ್ಲೇ ಶ್ರುತಿ ಕವೆಯ (ಟ್ಯೂನಿಂಗ್ ಫೋರ್ಕ್) ಕಂಪನವನ್ನೂ ಗೀಚಿಸಿದ್ದರು. ಫ್ರೆಂಚರು ಆ ಕಾಲದಲ್ಲಿ ಹೋಗುವುದನ್ನು ಒಂದು, ಬರುವುದನ್ನು ಇನ್ನೊಂದು ಅಂತ ಎಣಿಸುತ್ತಿದ್ದರು. ಈಗಿನವರು ಹೋಗಿಬಂದರೆ ಒಂದು ಅಂತ ಎಣಿಸುತ್ತೇವೆ. ಹಾಗಾಗಿ ವೇಗ ಎರಡರಷ್ಟಾಗಿತ್ತು. ಸರಿಪಡಿಸಿದಾಗ ಅದು ನಿಧಾನವಾಗಿ ಹಾಡುವ ಗಂಡಸಿನ ದನಿ. ಬಹುಶಃ ಸ್ಕಾಟ್ ಅವರದ್ದೇ. ಅವರು 1879ರಲ್ಲೇ ತೀರಿಕೊಂಡಿದ್ದರು. ತನ್ನ ದನಿಯನ್ನು ಯಾರಾದರೂ ಕೇಳುತ್ತಾರೆ ಅಂತ ಅಂದುಕೊಳ್ಳದೆ ಹಾಡಿದ ದನಿ ಅದು. ಪ್ರತಿ ಸಲ ಕೇಳಿದಾಗಲೂ ಮೈ ಜುಮ್ ಅನ್ನುತ್ತದೆ.

ಹಾಗಾಗಿ ಪ್ರಶ್ನೆ ಕೇಳುವಾಗ ಪದ ನೋಡಿಕೊಳ್ಳಿ. ಮೊದಲು ದಾಖಲಿಸಿದ್ದು ಸ್ಕಾಟ್. ಮೊದಲು ದಾಖಲಿಸಿ ಮತ್ತೆ ಕೇಳಿಸಿದ್ದು ಎಡಿಸನ್.

ಲೆಕ್ಕದ_ಮೇಡಂ

ತಟ್ಟೆ ಸರ್, 44,100 ನೋಡಿ ಸುಮ್ನೆ ಇರಲು ಆಗಲಿಲ್ಲ. 2, 3, 5, 7. ಮೊದಲ ನಾಲ್ಕು ಅವಿಭಾಜ್ಯ ಸಂಖ್ಯೆಗಳು. ಗುಣಿಸಿದರೆ 210. ಅದರ ವರ್ಗ 44,100! ಅಷ್ಟು ಸಣ್ಣ ಅಪವರ್ತನಗಳು ಇರುವುದರಿಂದಲೇ ಅದು 50ಕ್ಕೂ 60ಕ್ಕೂ ಒಪ್ಪುತ್ತದೆ. ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.

ಇಂಥದ್ದೇ ಇನ್ನೊಂದು. ವಾದ್ಯಗಳ ಶ್ರುತಿಗೆ ಸೆಕೆಂಡಿಗೆ 440 ಕಂಪನ ಅಂತ 1939ರಲ್ಲಿ ಲಂಡನ್ನಿನ ಸಭೆಯಲ್ಲಿ ಒಪ್ಪಿಕೊಂಡರು. 439ನ್ನೂ ಬಯಸಿದವರು ಇದ್ದರು. ಆದರೆ 439 ಅವಿಭಾಜ್ಯ. ಬಿಬಿಸಿಯವರು ರೇಡಿಯೋದಲ್ಲಿ ಕೇಳಿಸುತ್ತಿದ್ದ ಶ್ರುತಿಯನ್ನು ಸೆಕೆಂಡಿಗೆ 10 ಲಕ್ಷ ಸಲ ಕಂಪಿಸುವ ಹರಳಿನಿಂದ ಪಡೆಯುತ್ತಿದ್ದರು. ಅದನ್ನು 1,000ಕ್ಕೆ ಇಳಿಸಿ, 11ರಿಂದ ಗುಣಿಸಿ, 25ರಿಂದ ಭಾಗಿಸಿದರೆ 440. 439ನ್ನು ಹಾಗೆ ಪಡೆಯಲು ಆಗುವುದಿಲ್ಲ. ಅವಿಭಾಜ್ಯ ಸಂಖ್ಯೆ ಯಾತಕ್ಕೆ ಬೇಕು ಅಂತ ಕೇಳುವ ಮಕ್ಕಳಿಗೆ ಇದು ನನ್ನ ಉತ್ತರ.

ಸಮ ಚಿಹ್ನೆಯನ್ನೂ ಬಿಡಬೇಡಿ. 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಬಳಸಿದ್ದು. ‘ಇದಕ್ಕೆ ಇದು ಸಮ’ ಅಂತ ಪದೇ ಪದೇ ಬರೆದು ಬೇಸತ್ತು ಎರಡು ಸಮಾನಾಂತರ ಗೆರೆ ಎಳೆದರು. ಅವೆರಡಕ್ಕಿಂತ ಹೆಚ್ಚು ಸಮವಾದದ್ದು ಬೇರೆ ಇಲ್ಲ ಅನ್ನುವುದು ಅವರ ಕಾರಣ.

ಹೊಸ_ಓದುಗ

440 ಅಂದಾಗ ನೆನಪಾಯಿತು. 432 ಕಂಪನವೇ ಪ್ರಕೃತಿಯ ಶ್ರುತಿ, 440 ಮನಸ್ಸಿಗೆ ಕೆಡುಕು ಅಂತ ವಿಡಿಯೋಗಳು ತುಂಬಾ ಬರುತ್ತವೆ. ಅದರಲ್ಲಿ ಏನಾದರೂ ಹುರುಳಿದೆಯಾ?

ಸ್ವರಸಂಗಾತಿ

ಇಲ್ಲ. ಇಟಲಿಯ ಒಪೆರಾ ಸಂಯೋಜಕ ವರ್ಡಿ ಅಂಥ ದೊಡ್ಡ ಸಂಗೀತಗಾರರು 432ರ ಪರ ಇದ್ದದ್ದು ನಿಜ. ಅವರ ಕಾಳಜಿ ಹಾಡುವವರ ಗಂಟಲಿನದ್ದು. ಆಗ ವಾದ್ಯಮೇಳಗಳು ದನಿ ಹೆಚ್ಚು ಹೊಳೆಯಲಿ ಅಂತ ಶ್ರುತಿ ಏರಿಸುತ್ತಲೇ ಹೋಗುತ್ತಿದ್ದವು. ಕೊನೆಗೆ ಕಷ್ಟ ಆಗುತ್ತಿದ್ದದ್ದು ಹಾಡುವವರಿಗೆ. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ 435ಕ್ಕೆ ನಿಲ್ಲಿಸಿತು.

ಪ್ರಕೃತಿಯ ಶ್ರುತಿ ಅನ್ನುವವರಿಗೆ ನಾನು ಒಂದೇ ಮಾತು ಕೇಳುತ್ತೇನೆ. 432 ಅಂದರೆ ಸೆಕೆಂಡಿಗೆ 432. ಸೆಕೆಂಡ್ ಯಾರು ಮಾಡಿದ್ದು? ದಿನವನ್ನು 24 ಭಾಗ ಮಾಡಿ, ಅದನ್ನು ಬ್ಯಾಬಿಲೋನಿನವರ 60ರ ಎಣಿಕೆಯಲ್ಲಿ ಎರಡು ಸಲ ಒಡೆದವರು ಮನುಷ್ಯರು. ಅಳತೆಗೋಲು ನಮ್ಮದಾದ ಮೇಲೆ ಸಂಖ್ಯೆ ಪ್ರಕೃತಿಯದ್ದು ಹೇಗಾಗುತ್ತದೆ?

ಹಳೆ_ಕ್ಯಾಲೆಂಡರ್

ಅದ್ಭುತ ಮೇಡಂ. ಅಳತೆಗೋಲಿನ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರ ಏಪ್ರಿಲ್ 23. ‘ಡಾನ್ ಕ್ವಿಕ್ಸೋಟ್’ ಬರೆದ ಸ್ಪೇನಿನ ಸರ್ವಾಂಟಿಸ್‌ಗೂ ಅದೇ ತಾರೀಖು ಹೇಳುತ್ತಾರೆ. ಒಂದೇ ದಿನವಾ? ಅಲ್ಲ. ಸ್ಪೇನ್ 1582ರಲ್ಲೇ ಹೊಸ ಕ್ಯಾಲೆಂಡರ್‌ಗೆ ಹೋಗಿತ್ತು. ಅಲ್ಲಿ ಅಕ್ಟೋಬರ್ 4 ಆದ ಮರುದಿನ ಅಕ್ಟೋಬರ್ 15. ಇಂಗ್ಲೆಂಡ್ ಹಳೆಯದನ್ನೇ 1752ರ ತನಕ ಹಿಡಿದುಕೊಂಡಿತ್ತು. ಹಾಗಾಗಿ ಎರಡು ಏಪ್ರಿಲ್ 23ರ ಮಧ್ಯೆ ಹತ್ತು ದಿನ ಇದೆ. ಸರ್ವಾಂಟಿಸ್ 22ಕ್ಕೇ ತೀರಿಕೊಂಡು 23ಕ್ಕೆ ಮಣ್ಣಾದರು ಅಂತಲೂ ವಿದ್ವಾಂಸರು ಹೇಳುತ್ತಾರೆ. ರಷ್ಯಾ 1918ರ ತನಕ ಬದಲಾಗಿರಲಿಲ್ಲ. ಅಕ್ಟೋಬರ್ ಕ್ರಾಂತಿಯ ನೆನಪಿನ ದಿನ ನವೆಂಬರ್‌ನಲ್ಲಿ ಬರುವುದು ಅದಕ್ಕೇ.

ಸೂಜಿದಾರ

ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಎಲ್ಲಾ ಪ್ರಶ್ನೆಗೂ ಕಾರಣ ಬೇಕು ಅಂದರೆ ಆಟ ಪಾಠ ಆಗಿಬಿಡುತ್ತದೆ. ಇಸ್ಪೀಟಿನ ನಾಲ್ಕು ರಾಜರಲ್ಲಿ ಮೀಸೆ ಇಲ್ಲದವನು ಯಾರು ಅಂತ ಕೇಳಿ. ದಾಳದ ಎದುರುಬದುರು ಮುಖ ಕೂಡಿದರೆ ಎಷ್ಟು ಅಂತ ಕೇಳಿ. ನೂರಾರು ಸಲ ಕೈಯಲ್ಲಿ ಹಿಡಿದವರೂ ತಡವರಿಸುತ್ತಾರೆ. ಆಮೇಲೆ ಮನೆಗೆ ಹೋಗಿ ಇಸ್ಪೀಟು ಕಟ್ಟು ತೆಗೆದು ನೋಡುತ್ತಾರೆ. ಆ ನೋಡುವುದೂ ಕಲಿಕೆಯೇ. ಮಕ್ಕಳಿಗೆ ಇಸವಿಗಿಂತ ಅದು ಹತ್ತಿರ.

ಲೆಕ್ಕದ_ಮೇಡಂ

ಒಪ್ಪುತ್ತೇನೆ. ನನ್ನ ತರಗತಿಯಲ್ಲಿ ಚೆನ್ನಾಗಿ ನಡೆಯುವುದು ಅಂಥವೇ. ಮೊದಲು ಊಹಿಸಬೇಕು, ಆಮೇಲೆ ಕೈಯಾರೆ ಪರೀಕ್ಷಿಸಬೇಕು. ಹಾರ್ಟ್ಸ್ ರಾಜ, ಮತ್ತು ಏಳು. ಸರಿ ತಾನೇ?

ಸೂಜಿದಾರ

ಎರಡೂ ಸರಿ.

ತಿರುಗುವ_ತಟ್ಟೆ

ಇನ್ನೊಂದು ತಟ್ಟೆಯ ಕತೆ ಹೇಳದೆ ಹೋದರೆ ನಿದ್ದೆ ಬರುವುದಿಲ್ಲ. ಮನುಷ್ಯರಿಂದ ಅತಿ ದೂರ ಹೋಗಿರುವ ಸಂಗೀತ ಎಲ್ಲಿದೆ? 1977ರಲ್ಲಿ ಹಾರಿಸಿದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ತಾಮ್ರದ ತಟ್ಟೆ ಇದೆ. 27 ಸಂಗೀತದ ತುಣುಕು, 55 ಭಾಷೆಗಳ ಶುಭಾಶಯ. ಆ 55ರಲ್ಲಿ ಕನ್ನಡವೂ ಇದೆ. ಸಂಗೀತದಲ್ಲಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಇದಕ್ಕೂ ಒಂದು ‘ಯಾಕೆ’ ಇದೆ. ಮನೆಯ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು. ಇದು ಅದರ ಅರ್ಧ, 16⅔. ನಿಧಾನ ತಿರುಗಿದರೆ ಅದೇ ಜಾಗದಲ್ಲಿ ಜಾಸ್ತಿ ಹಿಡಿಯುತ್ತದೆ. ದನಿಯ ಗುಣಮಟ್ಟ ಸ್ವಲ್ಪ ಬಿಟ್ಟುಕೊಟ್ಟು ಒಂದೂವರೆ ಗಂಟೆಯ ಸಂಗೀತ ಕೂರಿಸಿದರು. ಸಿಕ್ಕವರಿಗೆ ಸೆಕೆಂಡ್ ಅಂದರೇನು ಅಂತ ಗೊತ್ತಿರುವುದಿಲ್ಲವಲ್ಲ? ಹಾಗಾಗಿ ಎಷ್ಟು ವೇಗದಲ್ಲಿ ತಿರುಗಿಸಬೇಕು ಅನ್ನುವುದನ್ನು ಹೈಡ್ರೋಜನ್ ಪರಮಾಣುವಿನ ಒಂದು ಬದಲಾವಣೆಗೆ ಹಿಡಿಯುವ ಸಮಯದ ಲೆಕ್ಕದಲ್ಲಿ ಹೊದಿಕೆಯ ಮೇಲೆ ಕೆತ್ತಿದ್ದಾರೆ. ಸ್ವರಸಂಗಾತಿ ಮೇಡಂ ಕೇಳಿದ ಪ್ರಕೃತಿಯ ಅಳತೆಗೋಲು ಇದೇ ನೋಡಿ.

ರಸಪ್ರಶ್ನೆ_ಪ್ರಿಯ

ಎರಡು ದಿನದಿಂದ ಓದುತ್ತಿದ್ದೇನೆ, ಬರೆದುಕೊಳ್ಳುತ್ತಿದ್ದೇನೆ. ಸೂಜಿದಾರ ಅವರ ಮಾತು ಮನಸ್ಸಿಗೆ ಹಿಡಿಸಿತು. ಒಂದು ಸುತ್ತು ಪೂರ್ತಿ ‘ಮನೆಗೆ ಹೋಗಿ ನೋಡಿ’ ಅಂತಲೇ ಇಡುತ್ತೇನೆ.

ಆ ಹುಡುಗಿಯ ತಂಡಕ್ಕೆ ಪತ್ರ ಬರೆದೆ. ಉತ್ತರ ನಿಮ್ಮದೇ ಸರಿ, ತಪ್ಪು ನನ್ನದು ಅಂತ ಹೇಳಿ, ಅವರ ಅಂಕವನ್ನೂ ತಿದ್ದಿ ಕಳಿಸಿದೆ. ಗೆದ್ದ ತಂಡಕ್ಕೂ ತಿಳಿಸಿದೆ, ಅವರು ಖುಷಿಯಿಂದ ಒಪ್ಪಿದರು. ಇವತ್ತು ಅವಳ ಉತ್ತರ ಬಂತು. ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ ನನಗೇ ಒಂದು ಪ್ರಶ್ನೆ ಹಾಕಿದ್ದಾಳೆ: ‘ಸರ್, ಸ್ಯಾಕ್ಸೋಫೋನ್ ಹಿತ್ತಾಳೆಯದ್ದು. ಆದರೂ ಅದನ್ನು ಮರದ ವಾದ್ಯಗಳ ಸಾಲಿಗೆ ಸೇರಿಸುತ್ತಾರೆ. ಯಾಕೆ?’ ಸ್ವರಸಂಗಾತಿ ಮೇಡಂ, ಈ ಸಲ ಕೇಳಿಕೊಂಡೇ ಬರೆಯುತ್ತೇನೆ.

ಸ್ವರಸಂಗಾತಿ

ಎಂಥ ಚೆಂದದ ಪ್ರಶ್ನೆ! ಸಾಲು ಗೊತ್ತಾಗುವುದು ವಾದ್ಯವನ್ನು ಯಾವುದರಿಂದ ಮಾಡಿದ್ದಾರೆ ಅನ್ನುವುದರಿಂದ ಅಲ್ಲ, ದನಿ ಎಲ್ಲಿ ಹುಟ್ಟುತ್ತದೆ ಅನ್ನುವುದರಿಂದ. ಟ್ರಂಪೆಟ್‌ನಲ್ಲಿ ಕಂಪಿಸುವುದು ಊದುವವರ ತುಟಿ. ಸ್ಯಾಕ್ಸೋಫೋನ್‌ನಲ್ಲಿ ಕಂಪಿಸುವುದು ಕ್ಲಾರಿನೆಟ್‌ನಲ್ಲಿರುವಂಥದೇ ಒಂದು ರೀಡ್, ಅಂದರೆ ತೆಳು ಪಟ್ಟಿ. 1846ರಲ್ಲಿ ಇದರ ಪೇಟೆಂಟ್ ಪಡೆದ ಅಡಾಲ್ಫ್ ಸ್ಯಾಕ್ಸ್ ಕ್ಲಾರಿನೆಟ್ ಮಾಡುವುದರಲ್ಲೂ ಪಳಗಿದವರು. ಬೆಳ್ಳಿಯ ಫ್ಲೂಟ್ ಕೂಡ ಮರದ ವಾದ್ಯಗಳ ಸಾಲಿನಲ್ಲೇ ಕೂರುತ್ತದೆ.

ಅವಳಿಗೆ ಒಂದು ಪ್ರಶ್ನೆ ನನ್ನ ಕಡೆಯಿಂದ ಕಳಿಸಿ. ಕಾರ್ನೆಟ್ಟೋ ಅಂತ ಒಂದು ಹಳೆಯ ವಾದ್ಯ. ಪೂರ್ತಿ ಮರದ್ದು, ಮೇಲೆ ಚರ್ಮ ಸುತ್ತಿರುತ್ತಾರೆ, ಕೊಳಲಿನ ಹಾಗೆ ತೂತುಗಳಿರುತ್ತವೆ. ಅದು ಯಾವ ಸಾಲಿಗೆ ಸೇರುತ್ತದೆ?